ಕಾಸರಗೋಡಿನ ಮಕ್ಕಳು ಮಂಗಳೂರಿನಲ್ಲಿ ಡಿಗ್ರಿ ಓದಿದರೆ ಸ್ಕಾಲರ್‌ಶಿಪ್ ಯಾವ ಸರಕಾರದ್ದು? ಎರಡನೇ ವರ್ಷ ಅದು ತಪ್ಪದ ಹಾಗೆ ಏನು ನೋಡಿಕೊಳ್ಳಬೇಕು?

ಬದಿಯಡ್ಕ_ಪೋಷಕ:

ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಕೇರಳ ಬೋರ್ಡಿನಲ್ಲಿ ಪ್ಲಸ್ ಟು ಸಯನ್ಸ್ ಮುಗಿಸಿದ್ದಾಳೆ, ಮಾರ್ಕು ಚೆನ್ನಾಗಿ ಉಂಟು. ಬಿ.ಎಸ್ಸಿ.ಗೆ ಎರಡು ಕಡೆ ನೋಡುತ್ತಿದ್ದೇವೆ. ಒಂದು ವಿದ್ಯಾನಗರದ ಸರಕಾರಿ ಕಾಲೇಜು, ಇನ್ನೊಂದು ಮಂಗಳೂರಿನ ಒಂದು ಖಾಸಗಿ ಕಾಲೇಜು. ನಾವು ಒ.ಬಿ.ಸಿ. ವಿಲ್ಲೇಜ್ ಆಫೀಸಿನ ಆದಾಯ ಸರ್ಟಿಫಿಕೇಟಿನಲ್ಲಿ ವರ್ಷಕ್ಕೆ 1,08,000 ಅಂತ ಉಂಟು. ಅವಳ ಅಮ್ಮನಿಗೆ ಬೀಡಿ ಕಾರ್ಮಿಕರ ಗುರುತಿನ ಚೀಟಿ ಉಂಟು.

ಮಂಗಳೂರಿಗೆ ಹೋದರೆ ಕರ್ನಾಟಕದ ಎಸ್‌ಎಸ್‌ಪಿಯಲ್ಲಿ (ಆ ರಾಜ್ಯದ ಸ್ಕಾಲರ್‌ಶಿಪ್ ತಾಣ) ಹಾಕಬಹುದು ಎಂದು ಕೆಲವರು ಹೇಳುತ್ತಾರೆ, ಆಗುವುದೇ ಇಲ್ಲ ಎಂದು ಇನ್ನು ಕೆಲವರು. ಗಡಿನಾಡ ಕನ್ನಡಿಗರು ಎಂಬ ಲೆಕ್ಕದಲ್ಲಿ ಏನಾದರೂ ಸಿಗುತ್ತದೆಯೇ? ಒಂದಕ್ಕಿಂತ ಹೆಚ್ಚು ಸ್ಕಾಲರ್‌ಶಿಪ್ ಒಟ್ಟಿಗೆ ತೆಗೆದುಕೊಳ್ಳಬಹುದಾ? ಮೊದಲ ವರ್ಷ ಬಂದದ್ದು ಎರಡನೇ ವರ್ಷ ನಿಂತುಹೋದ ಮಕ್ಕಳು ನಮ್ಮ ಆಸುಪಾಸಿನಲ್ಲೇ ಇದ್ದಾರೆ, ಅದು ಯಾಕೆ ಹಾಗಾಗುತ್ತದೆ? ಪಕ್ಕದ ಮನೆಯ ಹುಡುಗ ಎಸ್.ಸಿ., ಅವನೂ ಮಂಗಳೂರಿಗೇ ಹೊರಟಿದ್ದಾನೆ. ಅವನಿಗೂ ಸೇರಿಸಿ ಹೇಳಿದರೆ ಉಪಕಾರ. ಅಡ್ಮಿಶನಿನ ಹಣ ಕಟ್ಟಲಿಕ್ಕೆ ಇನ್ನು ಹತ್ತು ದಿನ ಉಂಟು.

---

ಸ್ಕಾಲರ್‌ಶಿಪ್_ಸೆಕ್ಷನ್:

ಹಣ ಕಟ್ಟುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಗಡಿಯ ಮಕ್ಕಳ ಮಟ್ಟಿಗೆ ಯಾವ ಕಾಲೇಜು ಎಂಬ ತೀರ್ಮಾನದಲ್ಲೇ ಯಾವ ಸ್ಕಾಲರ್‌ಶಿಪ್ ಎಂಬುದೂ ತೀರ್ಮಾನವಾಗಿ ಹೋಗುತ್ತದೆ. ಮತ್ತೆ ಕೇಳಿ ಪ್ರಯೋಜನವಿಲ್ಲ.

ಒಂದೊಂದು ಸ್ಕಾಲರ್‌ಶಿಪ್ ಒಂದೊಂದನ್ನು ನೋಡುತ್ತದೆ. ಕೆಲವು ನೀವು ಯಾವ ರಾಜ್ಯದ ಖಾಯಂ ನಿವಾಸಿ ಎಂದು ನೋಡುತ್ತವೆ, ಕೆಲವು ಪ್ಲಸ್ ಟು ಯಾವ ಬೋರ್ಡಿನದ್ದು ಎಂದು, ಇನ್ನು ಕೆಲವು ಈಗ ಸೇರುವ ಕಾಲೇಜು ಎಲ್ಲಿದೆ, ಯಾವ ಬಗೆಯದ್ದು ಎಂದು. ತಲಪಾಡಿ ದಾಟಿದ ಕೂಡಲೇ ಈ ಮೂರರಲ್ಲಿ ಬದಲಾಗುವುದು ಮೂರನೆಯದು ಮಾತ್ರ. ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುವುದು ಈ ಮೂರನ್ನೂ ಒಂದೇ ಗಂಟಿಗೆ ಕಟ್ಟುವುದರಿಂದ.

ಮೊದಲು ಎಸ್‌ಎಸ್‌ಪಿ. ಅಲ್ಲಿ ಜಾತಿಗೂ ಆದಾಯಕ್ಕೂ ಆರ್‌ಡಿ ನಂಬ್ರ ಕೇಳುತ್ತದೆ. ಕರ್ನಾಟಕದ ನಾಡಕಚೇರಿಯಿಂದ ಕೊಟ್ಟ ಸರ್ಟಿಫಿಕೇಟಿನ ಮೇಲೆ ಮಾತ್ರ ಆ ನಂಬ್ರ ಇರುತ್ತದೆ. ನಮ್ಮ ತಹಶೀಲ್ದಾರರು ಕೊಟ್ಟದ್ದರ ಮೇಲೆ ಅದು ಇಲ್ಲ. ಹಾಗಾಗಿ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಗಡಿನಾಡ ಕನ್ನಡಿಗ ಎಂಬ ನೆಲೆಯಲ್ಲಿ ಕರ್ನಾಟಕದ ಸಿಇಟಿಯಲ್ಲಿ ಸೀಟಿಗೆ ಅರ್ಹತೆ ಸಿಗುವುದು ನಿಜ, ಆದರೆ ಅದು ಸೀಟಿನ ಮಾತು. ಸೀಟು ಸಿಕ್ಕಿತು ಅಂತ ಎಸ್‌ಎಸ್‌ಪಿ ತೆರೆಯುವುದಿಲ್ಲ. ಪುತ್ತೂರಿನ ಮಾವನ ಮನೆಯ ವಿಳಾಸ ತೋರಿಸಿ ಒಂದು ಆರ್‌ಡಿ ನಂಬ್ರ ಮಾಡಿಸಿ ಎನ್ನುವವರು ಸಿಗುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಸುಳ್ಳು ದಾಖಲೆ ಎಂದು ಗೊತ್ತಾದ ದಿನ ಬಂದ ಹಣ ವಾಪಸು ಕಟ್ಟಬೇಕು, ಮಗುವಿನ ಹೆಸರೂ ಹಾಳು. ಅದಲ್ಲದೆ ಒಂದೇ ಜಾತಿ ಎರಡು ರಾಜ್ಯಗಳ ಪಟ್ಟಿಯಲ್ಲಿ ಬೇರೆ ಬೇರೆ ವಿಭಾಗದಲ್ಲಿ ಇರಬಹುದು. ಎರಡು ಕಡೆಯ ಸರ್ಟಿಫಿಕೇಟು ಕೈಯಲ್ಲಿದ್ದರೆ ಮುಂದೆ ಕೆಲಸಕ್ಕೆ ಸೇರುವಾಗ ಬಿಡಿಸಲಾಗದ ಗಂಟು.

ಪಕ್ಕದ ಮನೆಯ ಹುಡುಗನಿಗೆ: ಎಸ್.ಸಿ. ಮಕ್ಕಳ ಪೋಸ್ಟ್ ಮೆಟ್ರಿಕ್ (ಹತ್ತನೆಯ ತರಗತಿಯ ನಂತರದ ಓದಿನ) ಸ್ಕಾಲರ್‌ಶಿಪ್ಪಿನಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ಓದುವುದು ಎಲ್ಲೇ ಆಗಲಿ, ಕೊಡಬೇಕಾದ್ದು ಅವನು ಖಾಯಂ ನಿವಾಸಿಯಾಗಿರುವ ರಾಜ್ಯ. ಅಂದರೆ ಕೇರಳವೇ. ಅವನು ಹೋಗಬೇಕಾದ್ದು ಕೇರಳದ ಸ್ಕಾಲರ್‌ಶಿಪ್ ತಾಣವಾದ ಇ-ಗ್ರಾಂಟ್ಸ್ ದಾರಿಯಲ್ಲಿ. ಕೇಂದ್ರದ ನಿಯಮದ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. ಸಾಮಾನ್ಯ ಡಿಗ್ರಿ ಬರುವುದು ಮೂರನೇ ಗುಂಪಿನಲ್ಲಿ, ಅದಕ್ಕೆ ಫೀಸಿನ ಹೊರತಾಗಿ ವರ್ಷದ ಭತ್ಯೆ ಹಾಸ್ಟೆಲಿನವರಿಗೆ 6,000, ಮನೆಯಿಂದ ಹೋಗಿಬರುವವರಿಗೆ 3,000. ಅವನು ಎಚ್ಚರ ವಹಿಸಬೇಕಾದ ಜಾಗ ಒಂದೇ: ಮ್ಯಾನೇಜ್‌ಮೆಂಟ್ ಸೀಟು. ಆ ಸೀಟಿಗೆ ಇದರಲ್ಲಿ ಫೀಸು ಬರುವುದಿಲ್ಲ. ಅಡ್ಮಿಶನ್ ಪತ್ರದಲ್ಲಿ ಮೆರಿಟ್ ಅಥವಾ ಮೀಸಲು ಸೀಟು ಎಂದು ಬರೆದಿದೆಯೇ, ಓದಿಯೇ ಸಹಿ ಹಾಕಲಿ. ಹಣ ಕಟ್ಟುವ ಮೊದಲು ಪರಿಶಿಷ್ಟ ಜಾತಿ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ, ಇಂಥ ಕಾಲೇಜು, ಇಂಥ ಕೋರ್ಸು, ಕೇರಳದ ಹೊರಗೆ, ಸಿಗುತ್ತದೆಯೇ ಎಂದು ಬರೆದು ಕೊಟ್ಟು ಕೇಳಲಿ. ಬಾಯಿಮಾತಿನ "ಸಿಗ್ತದೆ" ಸಾಲದು.

ಈಗ ನಿಮ್ಮ ಮಗಳ ಲೆಕ್ಕ. ಒ.ಬಿ.ಸಿ. ಮಕ್ಕಳಿಗೆ ಕೇಂದ್ರದ ಪಿಎಂ ಯಶಸ್ವಿ ಯೋಜನೆಯಲ್ಲೂ ಪೋಸ್ಟ್ ಮೆಟ್ರಿಕ್ಕಿನ ಆದಾಯ ಮಿತಿ 2.5 ಲಕ್ಷ. ನೀವು ಅದರೊಳಗೆ ಇದ್ದೀರಿ. ವಿದ್ಯಾನಗರಕ್ಕೆ ಸೇರಿದರೆ ಕಾಲೇಜು ಕಚೇರಿಯಿಂದಲೇ ಇ-ಗ್ರಾಂಟ್ಸ್ ನಡೆಯುತ್ತದೆ. ಮಂಗಳೂರಿಗೆ ಹೋದರೆ ಅಲ್ಲಿನ ಕಚೇರಿಯವರಿಗೆ ದಿನಾ ಗೊತ್ತಿರುವುದು ಎಸ್‌ಎಸ್‌ಪಿ. ಕೇರಳದ ದಾರಿ ನೀವೇ ಹುಡುಕಿಕೊಳ್ಳಬೇಕು.

ಆ ಬಳಿಕ ಕೇಂದ್ರದ ಮೆರಿಟ್ ಸ್ಕಾಲರ್‌ಶಿಪ್. ಕಾಲೇಜು ಮತ್ತು ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆ ಎಂದು ಎನ್‌ಎಸ್‌ಪಿಯಲ್ಲಿ (ಕೇಂದ್ರದ ಸ್ಕಾಲರ್‌ಶಿಪ್ ತಾಣ) ಇರುವುದು, ಸಿಎಸ್‌ಎಸ್‌ಎಸ್ ಎನ್ನುತ್ತಾರೆ. ವರ್ಷಕ್ಕೆ ದೇಶದಲ್ಲಿ 82,000 ಹೊಸ ಸ್ಕಾಲರ್‌ಶಿಪ್, ಅರ್ಧ ಹುಡುಗಿಯರಿಗೆ. ಪ್ಲಸ್ ಟು ಬೋರ್ಡಿನಲ್ಲಿ ತನ್ನ ವಿಭಾಗದಲ್ಲಿ ಪಾಸಾದವರ ಪೈಕಿ 80ನೇ ಪರ್ಸೆಂಟೈಲಿಗಿಂತ ಮೇಲೆ ಇರಬೇಕು, ಕುಟುಂಬದ ಆದಾಯ 4.5 ಲಕ್ಷದೊಳಗೆ, ರೆಗ್ಯುಲರ್ ಡಿಗ್ರಿ ಆಗಿರಬೇಕು. ಅಂಚೆ ತೆರಪಿನ ಕೋರ್ಸಿಗೂ ಡಿಪ್ಲೊಮಾಕ್ಕೂ ಇಲ್ಲ. ಡಿಗ್ರಿಯ ಮೊದಲ 3 ವರ್ಷ 12,000 ದಂತೆ, ಎಂ.ಎಸ್ಸಿ.ಗೆ ಹೋದರೆ ವರ್ಷಕ್ಕೆ 20,000. ಇಲ್ಲಿ ಗಮನಿಸಬೇಕಾದ್ದು, 80ನೇ ಪರ್ಸೆಂಟೈಲ್ ಅಂದರೆ 80 ಶೇಕಡಾ ಮಾರ್ಕು ಅಲ್ಲ. ನೂರು ಮಂದಿ ಪಾಸಾದರೆ ಮೇಲಿನ ಇಪ್ಪತ್ತರಲ್ಲಿ ಇರಬೇಕು ಎಂದು ಅರ್ಥ. ಕೇರಳ ಬೋರ್ಡಿನಲ್ಲಿ ಮಾರ್ಕು ಮೇಲೆಯೇ ಇರುವುದರಿಂದ ಆ ಗೆರೆಯೂ ಮೇಲೆ ಇರುತ್ತದೆ. ಇದು ನೋಡುವುದು ಬೋರ್ಡನ್ನು, ಆದ ಕಾರಣ ಮಂಗಳೂರಿಗೆ ಹೋದರೂ ಕೈ ತಪ್ಪುವುದಿಲ್ಲ. ಕಾಸರಗೋಡಿನ ಮಗು ಪಿಯುಸಿಯನ್ನು ದಕ್ಷಿಣ ಕನ್ನಡದಲ್ಲಿ ಮಾಡಿದ್ದರೆ ಅದರ ಲೆಕ್ಕ ಕರ್ನಾಟಕ ಬೋರ್ಡಿನ ಮಕ್ಕಳ ಜತೆ.

ಗಡಿ ದಾಟಿದರೆ ಖಂಡಿತ ಕೈ ತಪ್ಪುವುದು ಇನ್ನೊಂದು. ಕೇರಳ ರಾಜ್ಯ ಉನ್ನತ ಶಿಕ್ಷಣ ಮಂಡಳಿಯ ಸ್ಕಾಲರ್‌ಶಿಪ್. ಮೊದಲ ವರ್ಷ 12,000, ಎರಡನೇ ವರ್ಷ 18,000, ಮೂರನೇ ವರ್ಷ 24,000, ಒಟ್ಟು 54,000. ಸ್ನಾತಕೋತ್ತರಕ್ಕೆ ಹೋದರೆ 40,000 ಮತ್ತು 60,000. ವರ್ಷಕ್ಕೆ ಸಾವಿರ ಮಕ್ಕಳಿಗೆ ಮಾತ್ರ, ಅದರಲ್ಲಿ 27 ಶೇಕಡಾ ಒ.ಬಿ.ಸಿ.ಗೆ. ಕೇರಳದ ಸರಕಾರಿ, ಅನುದಾನಿತ ಕಲಾ ವಿಜ್ಞಾನ ಕಾಲೇಜುಗಳವರಿಗೆ ಇರುವುದು ಇದು. ಮಗಳ ಮಾರ್ಕು ನಿಜಕ್ಕೂ ಮೇಲಿನ ಸಾಲಿನದ್ದಾದರೆ ವಿದ್ಯಾನಗರವನ್ನೋ ಮಂಜೇಶ್ವರದ ಗೋವಿಂದ ಪೈ ಕಾಲೇಜನ್ನೋ ಬಿಟ್ಟುಕೊಡುವ ಮೊದಲು ಈ ಮೊತ್ತವನ್ನೂ ತಕ್ಕಡಿಗೆ ಹಾಕಿ.

---

ನೀರ್ಚಾಲು_ಅಕ್ಕ:

ಬೀಡಿ ಚೀಟಿಯ ವಿಷಯ ಯಾರೂ ಹೇಳಲಿಲ್ಲ. ಅದೂ ಎನ್‌ಎಸ್‌ಪಿಯಲ್ಲೇ, ಕಾರ್ಮಿಕ ಸಚಿವಾಲಯದ ಕೆಳಗೆ. ಸಾಮಾನ್ಯ ಡಿಗ್ರಿಗೆ ವರ್ಷಕ್ಕೆ 6,000, ಎಂಜಿನಿಯರಿಂಗ್, ಮೆಡಿಕಲ್ ಥರದ್ದಕ್ಕೆ 25,000. ಬೀಡಿ ಕಾರ್ಮಿಕರಿಗೆ ತಿಂಗಳ ಆದಾಯ 10,000 ಮೀರಬಾರದು. ನಿಮ್ಮದು 9,000 ಆಗುತ್ತದೆ, ಗೆರೆಯ ಈಚೆ. ಚೀಟಿ ಅಮ್ಮನ ಹೆಸರಿನಲ್ಲಿ ಇರುವುದರಿಂದ ಅದರಲ್ಲಿರುವ ಹೆಸರೂ ಮಗಳ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿರುವ ಅಮ್ಮನ ಹೆಸರೂ ಒಂದೇ ಇದೆಯಾ ನೋಡಿ. ಮದುವೆಗೆ ಮೊದಲಿನ ಹೆಸರಿನಲ್ಲಿ ಚೀಟಿ ಆಗಿದ್ದರೆ ಈಗಲೇ ಸರಿ ಮಾಡಿಸಿ.

ಆದರೆ ಸಿಎಸ್‌ಎಸ್‌ಎಸ್ ಸಿಕ್ಕಿದರೆ ಇದನ್ನು ಬಿಡಬೇಕಾಗುತ್ತದೆ. ಬೇರೆ ಸ್ಕಾಲರ್‌ಶಿಪ್, ರಾಜ್ಯದ ಫೀಸು ಮರುಪಾವತಿ ಇಂಥದ್ದು ಪಡೆಯುವವರಿಗೆ ಸಿಎಸ್‌ಎಸ್‌ಎಸ್ ಇಲ್ಲ ಎಂದು ಅದರ ನಿಯಮದಲ್ಲೇ ಉಂಟು. ಎರಡು ಕಡೆಯಿಂದಲೂ ಹಣ ಬಂದರೆ ಆಧಾರ್ ನಂಬ್ರದಲ್ಲಿ ಗೊತ್ತಾಗುತ್ತದೆ. ಮೂರು ವರ್ಷಕ್ಕೆ ಲೆಕ್ಕ ಹಾಕಿದರೆ ಸಿಎಸ್‌ಎಸ್‌ಎಸ್ 36,000, ಬೀಡಿಯದ್ದು 18,000. ಪರ್ಸೆಂಟೈಲ್ ಗೆರೆಯ ಆಚೆ ಇದ್ದರೆ ಮೊದಲನೆಯದು, ಈಚೆ ಇದ್ದರೆ ಎರಡನೆಯದು. ಉನ್ನತ ಶಿಕ್ಷಣ ಮಂಡಳಿಯದ್ದರ ಜತೆ ಯಾವುದನ್ನು ಇಟ್ಟುಕೊಳ್ಳಬಹುದು ಎಂದು ಆ ವರ್ಷದ ಅಧಿಸೂಚನೆಯಲ್ಲಿ ಓದಿಯೇ ಮುಂದುವರಿಯಿರಿ.

---

ಅಕ್ಷಯ_ಕೌಂಟರ್:

ಯಾವುದು ಸಿಗುತ್ತದೆ ಎಂದು ಮೇಲೆ ಹೇಳಿದ್ದಾರೆ. ಅರ್ಜಿ ಎಲ್ಲಿ ಮುರಿಯುತ್ತದೆ ಎಂದು ನಾನು ಹೇಳುತ್ತೇನೆ. ಮಾರ್ಕು ಕಡಿಮೆಯಾಗಿ ತಪ್ಪಿದ್ದಕ್ಕಿಂತ ಹೆಸರು, ಬ್ಯಾಂಕು, ತಾರೀಕು ಈ ಮೂರರಿಂದ ತಪ್ಪಿದ್ದೇ ನಮ್ಮ ಅಕ್ಷಯ ಸೇವಾ ಕೇಂದ್ರದ ಕೌಂಟರಿನಲ್ಲಿ ಹೆಚ್ಚು ಕಾಣುವುದು.

ಹೆಸರು. ಎನ್‌ಎಸ್‌ಪಿಯಲ್ಲಿ ಮೊದಲು ಒಟಿಆರ್ (ಒಂದೇ ಸಲ ಮಾಡುವ ನೋಂದಣಿ) ಮಾಡಬೇಕು, 14 ಅಂಕೆಯ ನಂಬ್ರ ಬರುತ್ತದೆ, ಓದು ಮುಗಿಯುವವರೆಗೂ ಅದೇ ನಂಬ್ರ. ಮೊಬೈಲಿನಲ್ಲಿ ಮುಖ ತೋರಿಸಿ ದೃಢೀಕರಿಸುವ ಹಂತವೂ ಉಂಟು, ಹಗಲು ಬೆಳಕಿನಲ್ಲಿ ಮಾಡಿದರೆ ಬೇಗ ಆಗುತ್ತದೆ. ಒಟಿಆರ್ ಹೆಸರನ್ನು ಆಧಾರಿನಿಂದ ಎತ್ತಿಕೊಳ್ಳುತ್ತದೆ. ನಮ್ಮ ಕಡೆಯ ತೊಂದರೆ ಎಂತ ಅಂದರೆ, ಕನ್ನಡದ ಹೆಸರು ಒಮ್ಮೆ ಮಲಯಾಳದವರ ಕೈಯಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಹೋಗಿ ಬರುವಾಗ ಬೇರೆಯೇ ಆಗಿರುತ್ತದೆ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ "ಅಕ್ಷತಾ ಕೆ", ಆಧಾರಿನಲ್ಲಿ "ಕೆ ಅಕ್ಷತ", ಬ್ಯಾಂಕಿನಲ್ಲಿ ಇನಿಶಿಯಲ್ಲೇ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕೊನೆಯ "ತಾ"ಕ್ಕೆ ಒಂದರಲ್ಲಿ ಟಿ ಮಾತ್ರ, ಇನ್ನೊಂದರಲ್ಲಿ ಟಿ ಮತ್ತು ಎಚ್. ಇಷ್ಟು ಸಾಕು ಅರ್ಜಿ ಸಿಕ್ಕಿಬೀಳಲು. ಎಸ್ಸೆಸ್ಸೆಲ್ಸಿ ಪುಸ್ತಕವನ್ನು ಮೂಲವೆಂದು ಇಟ್ಟುಕೊಂಡು ಆಧಾರನ್ನು ಅದಕ್ಕೆ ಸರಿಯಾಗಿ ತಿದ್ದಿಸಿ, ಆಮೇಲೆ ಬ್ಯಾಂಕಿನದ್ದು, ಕೊನೆಗೆ ಒಟಿಆರ್. ಉಲ್ಟಾ ಹೋದರೆ ಎರಡೆರಡು ಸಲ ಓಡಬೇಕು.

ಸರ್ಟಿಫಿಕೇಟು. ಆದಾಯದ್ದಕ್ಕೆ ಕೇರಳದಲ್ಲಿ ಒಂದು ವರ್ಷ ಮಾತ್ರ ಅವಧಿ, ಜಾತಿಯದ್ದಕ್ಕೆ ಮೂರು ವರ್ಷ. ಕಳೆದ ವರ್ಷ ಪ್ಲಸ್ ಟುವಿಗೆಂದು ಮಾಡಿಸಿದ ಆದಾಯ ಸರ್ಟಿಫಿಕೇಟನ್ನೇ ತಂದು ಕೊಡುವವರು ತುಂಬ. ಇ-ಡಿಸ್ಟ್ರಿಕ್ಟಿನಲ್ಲಿ (ಸರ್ಟಿಫಿಕೇಟಿಗೆ ಅರ್ಜಿ ಹಾಕುವ ಕೇರಳದ ತಾಣ) ಹೊಸದಾಗಿ ಹಾಕಿ. ಯಾವ ಉದ್ದೇಶಕ್ಕೆ ಎಂದು ಕೇಳುವ ಕಡೆ ಸ್ಕಾಲರ್‌ಶಿಪ್ ಎಂದೇ ಬರೆಸಿ. ಅಮ್ಮನ ಬೀಡಿ ಕೂಲಿಯನ್ನೂ ಅಡಿಕೆಯದ್ದೋ ಕೂಲಿಯದ್ದೋ ಅಪ್ಪನ ವರಮಾನವನ್ನೂ ಸೇರಿಸಿದ ಮೊತ್ತವೇ ಅದರಲ್ಲಿ ಇರಬೇಕು.

ಬ್ಯಾಂಕು. ಇದನ್ನು ಸ್ವಲ್ಪ ನಿಧಾನಕ್ಕೆ ಓದಿ, ಹೆಚ್ಚಿನ ಹಣ ನಿಲ್ಲುವುದು ಇಲ್ಲಿ. ಖಾತೆಗೆ ಆಧಾರ್ ಕೊಟ್ಟಿದ್ದೇವೆ ಎಂಬುದೂ ಸರಕಾರದ ಹಣ ಬರಲು ಆ ಖಾತೆಯನ್ನು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ಜೋಡಿಸಿದೆ ಎಂಬುದೂ ಎರಡು ಬೇರೆ ಕೆಲಸ. ಮೊದಲನೆಯದು ಕೆವೈಸಿ ಮಾತ್ರ. ಎರಡನೆಯದಕ್ಕೆ ಡಿಬಿಟಿ (ಸರಕಾರದ ಹಣ ನೇರ ಖಾತೆಗೆ ಬರುವುದು) ಒಪ್ಪಿಗೆಯ ಫಾರ್ಮು ಕೊಡಬೇಕು. ಒಂದು ಆಧಾರಿಗೆ ಆ ಪಟ್ಟಿಯಲ್ಲಿ ಒಂದೇ ಖಾತೆ ಇರುತ್ತದೆ, ಕೊನೆಗೆ ಜೋಡಿಸಿದ್ದು ಯಾವುದೋ ಅದು. ಅರ್ಜಿಯಲ್ಲಿ ನೀವು ಯಾವ ಖಾತೆ ಬರೆದರೂ ಆಧಾರ್ ಮೂಲಕ ಹೋಗುವ ಹಣ ಆ ಪಟ್ಟಿಯಲ್ಲಿರುವ ಖಾತೆಗೇ ಹೋಗಿ ಬೀಳುತ್ತದೆ. ಕಾಲೇಜಿಗೆ ಸೇರಿದ ಹುಡುಗಿ ಮೊಬೈಲಿನಲ್ಲಿ ರೀಚಾರ್ಜಿಗೆಂದು ಇನ್ನೊಂದು ಖಾತೆ ತೆರೆದು ಯಾವುದೋ ಒಪ್ಪಿಗೆಯ ಗುಂಡಿ ಒತ್ತಿರುತ್ತಾಳೆ, ಜೋಡಣೆ ಅಲ್ಲಿಗೆ ತಿರುಗಿರುತ್ತದೆ, ಮನೆಯವರು ಹಳೆಯ ಪಾಸ್‌ಬುಕ್ ಹಿಡಿದು ಹಣ ಬರಲಿಲ್ಲ ಎಂದು ಬರುತ್ತಾರೆ. ಮೈ ಆಧಾರ್ ತಾಣಕ್ಕೆ ಒಟಿಪಿ ಕೊಟ್ಟು ಒಳಹೋದರೆ ಬ್ಯಾಂಕ್ ಸೀಡಿಂಗ್ ಸ್ಥಿತಿ ಎಂದು ಕಾಣುತ್ತದೆ. ಬ್ಯಾಂಕಿನ ಹೆಸರೂ ಸಕ್ರಿಯ ಎಂಬುದೂ ಎರಡೂ ಅಲ್ಲಿ ಇರಬೇಕು.

ನಮ್ಮ ಊರುಗಳಲ್ಲಿ ಹೆಚ್ಚಿನವರ ಖಾತೆ ಇರುವುದು ಪಂಚಾಯತಿನ ಸೇವಾ ಸಹಕಾರಿ ಬ್ಯಾಂಕಿನಲ್ಲಿ. ಕೃಷಿ ಸಾಲಕ್ಕೆ ಅದು ಒಳ್ಳೆಯದು, ಡಿಬಿಟಿಗೆ ನಡೆಯುವುದಿಲ್ಲ. ವಾಣಿಜ್ಯ ಬ್ಯಾಂಕಿನಲ್ಲೋ ಗ್ರಾಮೀಣ ಬ್ಯಾಂಕಿನಲ್ಲೋ ಮಗಳ ಹೆಸರಿನಲ್ಲೇ ಖಾತೆ ಬೇಕು. ಶಾಲೆಯಲ್ಲಿದ್ದಾಗ ತೆರೆದ ಮೈನರ್ ಖಾತೆ ಇದ್ದರೆ 18 ತುಂಬಿದ ಕೂಡಲೇ ಅವಳೇ ಹೋಗಿ ಸಹಿ, ಫೋಟೊ, ಕೆವೈಸಿ ಹೊಸದಾಗಿ ಕೊಡಬೇಕು, ಇಲ್ಲದಿದ್ದರೆ ವ್ಯವಹಾರ ನಿಲ್ಲುತ್ತದೆ. ಪೂರ್ತಿ ಕೆವೈಸಿ ಇಲ್ಲದ ಸಣ್ಣ ಖಾತೆಯಾದರೆ ಯಾವ ಹೊತ್ತಿಗೂ 50,000ಕ್ಕಿಂತ ಹೆಚ್ಚು ಇರಬಾರದು, ವರ್ಷಕ್ಕೆ ಒಟ್ಟು 1 ಲಕ್ಷಕ್ಕಿಂತ ಹೆಚ್ಚು ಜಮೆಯಾಗಬಾರದು ಎಂದು ಮಿತಿ ಉಂಟು. ಅಡಿಕೆ ಮಾರಿದ ಹಣ ಅದೇ ಖಾತೆಗೆ ಹಾಕಿದರೆ ಸ್ಕಾಲರ್‌ಶಿಪ್ ಹಿಂದೆ ಹೋಗಿಬಿಡಬಹುದು.

ತಾರೀಕು. ವಿದ್ಯಾರ್ಥಿ ಅರ್ಜಿ ಹಾಕಲು ಒಂದು ಕೊನೆಯ ದಿನ, ಕಾಲೇಜಿನವರು ಪರಿಶೀಲಿಸಿ ಮೇಲಕ್ಕೆ ಕಳಿಸಲು ಇನ್ನೊಂದು. ಆನ್‌ಲೈನಿನಲ್ಲಿ "ಸಲ್ಲಿಸಲಾಗಿದೆ" ಎಂದು ಬಂದರೆ ಕೆಲಸ ಅರ್ಧ ಮಾತ್ರ ಆದದ್ದು. ಪ್ರಿಂಟ್ ಮತ್ತು ದಾಖಲೆಗಳನ್ನು ಕಾಲೇಜಿನ ನೋಡಲ್ ಅಧಿಕಾರಿಗೆ ಕೊಡಬೇಕು, ಅವರು ಒಪ್ಪಿದ ಮೇಲೆ ಎರಡನೇ ಹಂತಕ್ಕೆ ಹೋಗುತ್ತದೆ. ಎಲ್ಲಾದರೂ ತಪ್ಪು ಕಂಡರೆ "ಡಿಫೆಕ್ಟಿವ್" ಎಂದು ಹಿಂದಕ್ಕೆ ಬರುತ್ತದೆ. ಅದನ್ನು ತಿದ್ದಿ ಪುನಃ ಸಲ್ಲಿಸಲು ಸಿಗುವ ಸಮಯ ಕಡಿಮೆ. ವಾರಕ್ಕೆ ಒಮ್ಮೆಯಾದರೂ ಒಳಹೋಗಿ ಸ್ಥಿತಿ ನೋಡಿ. ಅರ್ಜಿಗೆ ಅಕ್ಷಯದವರ ಮೊಬೈಲ್ ನಂಬ್ರ ಹಾಕಿಸಬೇಡಿ, ಎಸ್ಸೆಮ್ಮೆಸ್ ನಮಗೆ ಬರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

---

ಬದಿಯಡ್ಕ_ಪೋಷಕ:

ಎಲ್ಲರಿಗೂ ತುಂಬ ಉಪಕಾರ. ಮೈ ಆಧಾರಿನಲ್ಲಿ ನೋಡಿದೆವು, ಮಗಳ ಆಧಾರಿಗೆ ಯಾವ ಬ್ಯಾಂಕೂ ಜೋಡಣೆ ಆಗಿಲ್ಲ. ನಾಳೆಯೇ ಹೋಗುತ್ತೇವೆ. ಅಕ್ಕ ಹೇಳಿದ ಹಾಗೆ ಬೀಡಿ ಚೀಟಿಯ ಹೆಸರೂ ನೋಡಿದೆ, ಅದು ಸರಿ ಉಂಟು.

ಇನ್ನು ನವೀಕರಣದ ಮಾತು ಬಾಕಿ. ಒಂದು ಪೇಪರು ಹೋದರೆ ಸ್ಕಾಲರ್‌ಶಿಪ್ಪೇ ಹೋಗುತ್ತದಾ? ಹಾಜರಿಯನ್ನು ಹೇಗೆ ಲೆಕ್ಕ ಹಾಕುತ್ತಾರೆ? ಮಂಗಳೂರಿಗೆ ಹೋದರೆ ದಿನಾ ರೈಲಿನಲ್ಲಿ ಹೋಗಿ ಬರಬೇಕು.

---

ಮಂಜೇಶ್ವರ_ಮಾಷ್ಟ್ರು:

ಸಿಎಸ್‌ಎಸ್‌ಎಸ್ ಮುಂದುವರಿಯಲು ವಾರ್ಷಿಕ ಪರೀಕ್ಷೆಯಲ್ಲಿ ಕನಿಷ್ಠ 50 ಶೇಕಡಾ, ಹಾಜರಿ ಕನಿಷ್ಠ 75 ಶೇಕಡಾ, ರ‍್ಯಾಗಿಂಗ್ ಸೇರಿ ಶಿಸ್ತಿನ ದೂರು ಇರಕೂಡದು. ಪೋಸ್ಟ್ ಮೆಟ್ರಿಕ್ಕಿಗೂ 75 ಶೇಕಡಾ ಹಾಜರಿ ಬೇಕು. ಉನ್ನತ ಶಿಕ್ಷಣ ಮಂಡಳಿಯದ್ದೂ ನಿಗದಿ ಮಾಡಿದ ಅಂಕ ಇದ್ದರೆ ಮಾತ್ರ ಮುಂದಕ್ಕೆ.

ಹಾಜರಿಯನ್ನು ಮನೆಯಲ್ಲೇ ಲೆಕ್ಕ ಹಾಕಿಡಿ. ಸೆಮಿಸ್ಟರಿಗೆ 90 ದಿನ ತರಗತಿ ನಡೆಯಿತು ಎಂದಿಟ್ಟುಕೊಳ್ಳೋಣ. ಅದರ 75 ಶೇಕಡಾ 67.5, ಅಂದರೆ 68 ದಿನ ಇರಲೇಬೇಕು. ಉಳಿಯುವುದು 22. ಕೇಳುವಾಗ ತುಂಬ ಅನಿಸುತ್ತದೆ. ಅದರಲ್ಲಿ ಜ್ವರಕ್ಕೆ ಒಂದು ವಾರ, ಮನೆಯ ಭೂತಕೋಲ, ಊರ ಜಾತ್ರೆ, ಎರಡು ಮದುವೆ, ಬಸ್ಸಿಲ್ಲದ ದಿನಗಳು ಎಂದು ಕಳೆಯುತ್ತಾ ಹೋಗಿ, ಎಷ್ಟು ಮಿಗುತ್ತದೆ ನೋಡಿ. ಮಳೆಗೆ ಜಿಲ್ಲಾಧಿಕಾರಿ ರಜೆ ಸಾರಿದ ದಿನ ತರಗತಿಯೇ ಇಲ್ಲ, ಹಾಗಾಗಿ ಅದು ಲೆಕ್ಕಕ್ಕೆ ಬಾರದು. ಆದರೆ ಮಂಗಳೂರಿನ ಕಾಲೇಜಿಗೆ ಕಾಸರಗೋಡು ಜಿಲ್ಲಾಧಿಕಾರಿಯ ರಜೆ ಅನ್ವಯಿಸುವುದಿಲ್ಲ. ಇಲ್ಲಿ ಮಳೆ, ಅಲ್ಲಿ ತರಗತಿ, ಹುಡುಗಿ ಗೈರು. ಗಡಿ ದಾಟಿ ಓದುವವರಿಗೆ ವರ್ಷಕ್ಕೆ ಕೆಲವು ದಿನ ಹೀಗೆಯೇ ಹೋಗುತ್ತದೆ. ಗಂಟೆಯ ಲೆಕ್ಕದಲ್ಲಿ ಹಾಜರಿ ಹಾಕುವ ಕಾಲೇಜಾದರೆ ರೈಲು ತಡವಾಗಿ ಮೊದಲ ಗಂಟೆ ತಪ್ಪುವುದೂ ಕೂಡುತ್ತಾ ಹೋಗುತ್ತದೆ. ಎನ್ನೆಸ್ಸೆಸ್, ಎನ್‌ಸಿಸಿ, ಕ್ರೀಡೆಗೆ ಹೋದ ದಿನಗಳ ಡ್ಯೂಟಿ ಲೀವನ್ನು ಆಯಾ ವಾರವೇ ಬರೆದುಕೊಟ್ಟು ಹಾಜರಿಗೆ ಸೇರಿಸಿಕೊಳ್ಳಿ. ಸೆಮಿಸ್ಟರ್ ಮುಗಿದ ಮೇಲೆ ಅದನ್ನು ಹುಡುಕಲು ಯಾರಿಗೂ ಪುರುಸೊತ್ತಿಲ್ಲ.

ಇಲ್ಲಿ ಎಷ್ಟೋ ಮಕ್ಕಳು ತಪ್ಪು ತಿಳಿಯುವುದು ಕಂಡೊನೇಷನಿನ ವಿಷಯ. ಹಾಜರಿ ಸ್ವಲ್ಪ ಕಡಿಮೆಯಾದರೆ ವಿಶ್ವವಿದ್ಯಾಲಯಕ್ಕೆ ಫೀಸು ಕಟ್ಟಿ ಪರೀಕ್ಷೆ ಬರೆಯಲು ಅನುಮತಿ ಪಡೆಯುತ್ತಾರಲ್ಲ, ಅದು ಪರೀಕ್ಷೆಗೆ ಸಿಗುವ ವಿನಾಯಿತಿ. ಸ್ಕಾಲರ್‌ಶಿಪ್ಪಿನ 75 ಬೇರೆಯೇ ನಿಯಮ. ಪರೀಕ್ಷೆ ಬರೆದಾಯಿತು ಎಂದು ನಿಶ್ಚಿಂತೆಯಿಂದ ಇರಬಾರದು.

ಪೇಪರು ಹೋಗುವ ಬಗ್ಗೆ. ನೋಡುವುದು ವರ್ಷದ ಒಟ್ಟು ಅಂಕವನ್ನು. ಒಂದು ಸೆಮಿಸ್ಟರಿನಲ್ಲಿ 46, ಇನ್ನೊಂದರಲ್ಲಿ 58 ಬಂದು ಎರಡಕ್ಕೂ ಗರಿಷ್ಠ ಅಂಕ ಒಂದೇ ಆಗಿದ್ದರೆ ಸರಾಸರಿ 52, ಗೆರೆಯ ಮೇಲೆ. ಒಂದು ಪೇಪರಿನಲ್ಲಿ ತೀರ ಕಡಿಮೆ ಬಂದರೆ ಉಳಿದದ್ದು ಎಳೆದರೂ ಒಟ್ಟು ಕೆಳಗೆ ಬೀಳುತ್ತದೆ, ಪೆಟ್ಟು ಬೀಳುವುದು ಹಾಗೆ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಬಂದಿದೆ, ಫಲಿತಾಂಶ ಗ್ರೇಡಿನಲ್ಲಿ ಇರುತ್ತದೆ. ಅರ್ಜಿ ಕೇಳುವುದು ಶೇಕಡಾವಾರು. ಗ್ರೇಡನ್ನು ಶೇಕಡಾಕ್ಕೆ ತರಲು ವಿಶ್ವವಿದ್ಯಾಲಯದ್ದೇ ಸೂತ್ರ ಇರುತ್ತದೆ, ನಿಮ್ಮ ಅಂದಾಜನ್ನು ತುಂಬಿಸಬೇಡಿ. ಕಾಲೇಜು ಕಚೇರಿಯಿಂದ ಲೆಕ್ಕ ಹಾಕಿಸಿ, ಆ ಕಾಗದವನ್ನೇ ಲಗತ್ತಿಸಿ. ಅರ್ಜಿಯಲ್ಲಿ 62 ಎಂದಿದ್ದು ಅಂಕಪಟ್ಟಿಯಲ್ಲಿ 59.4 ಇದ್ದರೆ ಎರಡೂ 50ರ ಮೇಲೆಯೇ ಇದ್ದರೂ ಅರ್ಜಿ ಹಿಂದಕ್ಕೆ ಬರುತ್ತದೆ.

ನವೀಕರಣ ತನ್ನಷ್ಟಕ್ಕೇ ಆಗುವುದಿಲ್ಲ. ಪ್ರತಿ ವರ್ಷ ಅರ್ಜಿ ಹಾಕಬೇಕು, ಅದೂ ರಿನೀವಲ್ ಎಂಬ ಕಡೆ. ಪಾಸ್‌ವರ್ಡ್ ಮರೆತು ಹೊಸದಾಗಿ ಫ್ರೆಶ್ ಅರ್ಜಿ ಹಾಕಿದರೆ ಇಮ್ಮಡಿ ಅರ್ಜಿ ಎಂದು ಎರಡೂ ತೊಂದರೆಗೆ ಬೀಳುತ್ತವೆ. ಒಟಿಆರ್ ನಂಬ್ರವನ್ನೂ ಅರ್ಜಿ ನಂಬ್ರವನ್ನೂ ಮನೆಯಲ್ಲಿ ರೇಶನ್ ಕಾರ್ಡ್ ಇಡುವ ಕವರಿನಲ್ಲೇ ಬರೆದಿಡಿ. ಕಾಲೇಜು ಬದಲಿಸುವ ಯೋಚನೆ ಬಂದರೆ ಹೊಸ ಕಾಲೇಜಿಗೆ ಎ.ಐ.ಎಸ್.ಎಚ್.ಇ. ಕೋಡ್ (ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಕಾಲೇಜಿಗೆ ಕೊಡುವ ನಂಬ್ರ) ಉಂಟೇ, ಎನ್‌ಎಸ್‌ಪಿಯಲ್ಲಿ ಹೆಸರು ಉಂಟೇ ಎಂದು ಟಿಸಿ ತೆಗೆಯುವ ಮೊದಲೇ ನೋಡಿ.

---

ಸಾಲದ_ಮೇಜು:

ಸ್ಕಾಲರ್‌ಶಿಪ್ ಸಾಲದೆ ಹೋದರೆ ಸಾಲದ ಬಗ್ಗೆ ಎರಡು ಮಾತು. ಸರಕಾರಿ ಕಾಲೇಜಿನ ಬಿ.ಎಸ್ಸಿ.ಗೆ ಸಾಲ ಬೇಡವೇ ಬೇಡ. ಮಂಗಳೂರಿನ ಖಾಸಗಿ ಕಾಲೇಜಾದರೆ ಫೀಸು, ರೈಲು ಪಾಸು ಅಥವಾ ಹಾಸ್ಟೆಲ್ ಎಲ್ಲ ಕೂಡಿಸಿ ನೋಡಿ.

ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಮಾರ್ಜಿನ್ ಹಣವೂ (ನಮ್ಮ ಕೈಯಿಂದ ಹಾಕುವ ಪಾಲು) ಬೇಡ, ಅಡವೂ ಬೇಡ, ಅಪ್ಪ ಅಥವಾ ಅಮ್ಮ ಜಂಟಿ ಸಾಲಗಾರರಾದರೆ ಸಾಕು. 7.5 ಲಕ್ಷದವರೆಗೆ ಸರಕಾರದ ಖಾತರಿ ಉಂಟು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಕೈಗೆ ಬಂದದ್ದು 2 ಲಕ್ಷ, ಬಡ್ಡಿ 9 ಶೇಕಡಾ ಎಂದಾದರೆ ವರ್ಷಕ್ಕೆ 18,000. ಬಡ್ಡಿ ಬೀಳುವುದು ಮಂಜೂರಾದ ಮೊತ್ತಕ್ಕಲ್ಲ, ಬಿಡುಗಡೆಯಾದ ಮೊತ್ತಕ್ಕೆ. ಆದ್ದರಿಂದ ಮೂರು ವರ್ಷದ ಫೀಸನ್ನು ಒಟ್ಟಿಗೆ ಬಿಡಿಸಿಕೊಳ್ಳಬೇಡಿ, ಕಾಲೇಜು ಡಿಮಾಂಡ್ ಕೊಟ್ಟ ಹಾಗೆ ವರ್ಷ ವರ್ಷ ಬಿಡಿಸಿ. ಪ್ರತಿ ಬಿಡುಗಡೆಗೂ ಹಿಂದಿನ ವರ್ಷದ ಅಂಕಪಟ್ಟಿ ಕೇಳುತ್ತಾರೆ, ಹಣ ನೇರ ಕಾಲೇಜಿಗೆ ಹೋಗುತ್ತದೆ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಅಡವೂ ಜಾಮೀನೂ ಇಲ್ಲ. ಕುಟುಂಬದ ಆದಾಯ 8 ಲಕ್ಷದೊಳಗೆ ಇದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗುವವರೆಗೆ 3 ಶೇಕಡಾ ಬಡ್ಡಿ ಸರಕಾರ ಭರಿಸುತ್ತದೆ. ಅದೇ 2 ಲಕ್ಷಕ್ಕೆ ವರ್ಷಕ್ಕೆ 6,000 ಉಳಿತಾಯ. ಆದರೆ ಇದು ಎಲ್ಲ ಕಾಲೇಜಿಗೂ ಇಲ್ಲ, ಎನ್‌ಐಆರ್‌ಎಫ್ ಎಂಬ ಕೇಂದ್ರದ ಕಾಲೇಜು ಶ್ರೇಣಿಯ ಆಧಾರದ ಮೇಲೆ ಮಾಡಿದ ಪಟ್ಟಿಯ ಸಂಸ್ಥೆಗಳಿಗೆ ಮಾತ್ರ. ನೀವು ನೋಡುತ್ತಿರುವ ಕಾಲೇಜು ಅದರಲ್ಲಿ ಇದೆಯೇ ಎಂದು ಪೋರ್ಟಲಿನಲ್ಲೇ ನೋಡಬಹುದು. ಬೇರೆ ಸರಕಾರಿ ಸ್ಕಾಲರ್‌ಶಿಪ್ ಇದ್ದವರಿಗೆ ಈ 3 ಶೇಕಡಾ ಇಲ್ಲ, ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಡಿ. ಓದು ನಡುವೆ ಬಿಟ್ಟರೂ ಬಡ್ಡಿ ನೆರವು ನಿಲ್ಲುತ್ತದೆ.

---

ಬದಿಯಡ್ಕ_ಪೋಷಕ:

ಮನೆಯಲ್ಲಿ ಕೂತು ಲೆಕ್ಕ ಹಾಕಿದೆವು. ಮಗಳೇ ವಿದ್ಯಾನಗರ ಸಾಕು ಎಂದಳು. ಅಲ್ಲಿಗೇ ಸೇರಿಸುತ್ತೇವೆ.

ಕೊನೆಯದಾಗಿ ಒಂದು ಕೇಳುತ್ತೇನೆ. ಅರ್ಜಿ "ಡಿಫೆಕ್ಟಿವ್" ಎಂದು ಬಂದರೆ, ಇಲ್ಲವೇ ಹಣ ಬಾರದಿದ್ದರೆ ಯಾರಿಗೆ, ಹೇಗೆ ಬರೆಯುವುದು? ನಮಗೆ ಮಲಯಾಳ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ.

---

ಸ್ಕಾಲರ್‌ಶಿಪ್_ಸೆಕ್ಷನ್:

ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ತಮಿಳು, ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರಿ ಕಚೇರಿಗೆ ಬರೆಯಬಹುದು, ಉತ್ತರವನ್ನೂ ಅದರಲ್ಲೇ ಪಡೆಯಬಹುದು ಎಂದಿದೆ. ಇದು ಕೇರಳದ ಕಚೇರಿಗಳಿಗೆ ಮಾತ್ರ, ಎನ್‌ಎಸ್‌ಪಿಯ ದೂರು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲಿ.

ಹಣ ಬಾರದಿದ್ದರೆ ಕಾಗದಕ್ಕೆ ಮೊದಲು ಕೇಂದ್ರ ಸರಕಾರದ ಪಾವತಿಗಳ ಪಿಎಫ್‌ಎಮ್‌ಎಸ್ ತಾಣದಲ್ಲಿ ಪಾವತಿಯ ಸ್ಥಿತಿ ನೋಡಿ, ಪ್ರಿಂಟ್ ತೆಗೆಯಿರಿ. ಹಣ ಹೊರಟೇ ಇಲ್ಲವೋ, ಹೊರಟು ಬ್ಯಾಂಕಿನಿಂದ ಹಿಂದೆ ಬಂದಿದೆಯೋ ಎಂದು ಅದರಲ್ಲಿ ಗೊತ್ತಾಗುತ್ತದೆ. ಹೊರಡದೆ ಇದ್ದರೆ ಕಾಗದ ಕಾಲೇಜಿಗೆ, ಹಿಂದೆ ಬಂದಿದ್ದರೆ ನೀವು ಹೋಗಬೇಕಾದ್ದು ಬ್ಯಾಂಕಿಗೆ. ಕಾಲೇಜಿಗೆ ಈ ಥರ ಸಾಕು, ಉದ್ದ ಬೇಡ:

"ಪ್ರಾಂಶುಪಾಲರಿಗೆ. ವಿಷಯ: ಸ್ಕಾಲರ್‌ಶಿಪ್ ಅರ್ಜಿಯ ತಿದ್ದುಪಡಿ. ನಾನು ತಮ್ಮ ಕಾಲೇಜಿನ ಪ್ರಥಮ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿನಿ. ನನ್ನ ಅರ್ಜಿ ಸಂಖ್ಯೆ ಇಂಥದ್ದು, ಇಂಥ ತಾರೀಕಿನಂದು ಡಿಫೆಕ್ಟಿವ್ ಎಂದು ಹಿಂದಿರುಗಿದೆ. ಕಾರಣವಾಗಿ ಕಾಣುವುದು ಆದಾಯ ಪ್ರಮಾಣಪತ್ರದ ಅವಧಿ. ಹೊಸ ಪ್ರಮಾಣಪತ್ರವನ್ನು ಇಂದು ಲಗತ್ತಿಸಿ ಪುನಃ ಸಲ್ಲಿಸಿದ್ದೇನೆ. ಕಾಲೇಜು ಮಟ್ಟದ ಪರಿಶೀಲನೆಯ ಕೊನೆಯ ದಿನದೊಳಗೆ ಮುಂದೆ ಕಳುಹಿಸಿಕೊಡಬೇಕಾಗಿ ವಿನಂತಿ."

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಸೀಲು, ತಾರೀಕು ಹಾಕಿಸಿಕೊಂಡು ಮನೆಗೆ ತನ್ನಿ. ಆ ಸೀಲು ಇದ್ದರೆ ನಾಳೆ ಕಾಲೇಜಿನ ಕಡೆಯಿಂದ ತಡವಾದರೂ ನಿಮ್ಮ ಕಡೆಯಿಂದ ಆಗಲಿಲ್ಲ ಎಂದು ಮೇಲಿನವರಿಗೆ ತೋರಿಸಬಹುದು.